ಅಂಕಿಯ ಬಾಲ ನೀರಿನಲ್ಲಿ

ಕನ್ನಡದ ಅಂಕಿಗಳಲ್ಲಿ ಒಂದರಿಂದ ಐದರವರೆಗೆ ಅಮರನಾಥನಿಗೆ ತಕರಾರೇನೂ ಇರಲಿಲ್ಲ. ಏಳು, ಎಂಟರ ಜೊತೆಗೂ ಹೇಗೋ ಹೊಂದಿಕೊಂಡಿದ್ದ. ಅವನ ಜೀವ ಹಿಂಡುತ್ತಿದ್ದದ್ದು ಆರು ಮತ್ತು ಒಂಬತ್ತು. ಒಂದರ ಬಾಲ ಕೆಳಕ್ಕೆ, ಇನ್ನೊಂದರ ಬಾಲ ಮೇಲಕ್ಕೆ. ಯಾವುದರದು ಎತ್ತ ಎಂಬುದು ಮಾತ್ರ ನಲವತ್ತೆರಡು ವರ್ಷವಾದರೂ ತಲೆಯಲ್ಲಿ ನಿಂತಿರಲಿಲ್ಲ. ಇದರಿಂದ ಯಾರಿಗೇನು ನಷ್ಟ? ಈ ಕಾಲದಲ್ಲಿ ಕನ್ನಡ ಅಂಕಿ ಓದು ಎಂದು ಯಾರು ಯಾರ ಕುತ್ತಿಗೆಯ ಮೇಲೆ ಕೂರುತ್ತಾರೆ? ತೊಂದರೆ ಏನೆಂದರೆ, ಹಾಗೆ ಕುತ್ತಿಗೆಯ ಮೇಲೆ ಕೂರುವ ಮನುಷ್ಯ ಇಡೀ ಕಲಬುರಗಿಯಲ್ಲಿ ಒಬ್ಬನೇ ಇದ್ದ. ಅವನು ಅಮರನಾಥನೇ ಆಗಿದ್ದ.

ಶಹಾಬಜಾರದ ಓಣಿಯಲ್ಲಿ ಹನ್ನೊಂದು ಜನ ಸೇರಿ ಕಟ್ಟಿದ 'ಕನ್ನಡ ಅಂಕಿ ಬಳಗ'ಕ್ಕೆ ಅವನು ಕಾರ್ಯದರ್ಶಿ. ಹೊಳೆಗಳ ನೀರಿನ ಮಟ್ಟ ಬರೆದಿಡುವ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತ. ಹಗಲು ಗುಮಾಸ್ತಿಕೆ, ಸಂಜೆ ಕನ್ನಡ ಅಂಕಿ. ಮನೆ ನಂಬರು, ಬಸ್ ನಂಬರು, ತೂಕದ ಕಲ್ಲು, ಎಲ್ಲದರ ಮೇಲೂ ಕನ್ನಡ ಅಂಕಿ ಬರಬೇಕೆಂದು ಎರಡು ವರ್ಷ ಅರ್ಜಿ ಬರೆದ. ಬಸ್ಸಿನವರು ಕೇಳಲಿಲ್ಲ, ಗಂಜಿನ ವ್ಯಾಪಾರಿಗಳು ಕೇಳಲಿಲ್ಲ. ಕಡೆಗೆ ಅವನ ಕಾಟ ತಾಳಲಾರದೆ ಅವನ ಕಚೇರಿಯವರೇ ಒಂದು ಕಲ್ಲು ಕೊಟ್ಟರು. ಕಮಲಾಪುರದ ದಾರಿಯಲ್ಲಿ ಹಳೇ ಸೇತುವೆಯ ಪಕ್ಕ, ಹೊಳೆಯ ಮೆಟ್ಟಿಲುಗಳ ಹತ್ತಿರ ನೀರಳೆಯುವ ಒಂದು ಕಂಬದ ಕಲ್ಲಿತ್ತು. ಹೋದ ಬೇಸಿಗೆಯಲ್ಲಿ ಅದರ ಮೇಲಿನ ಇಂಗ್ಲಿಷ್ ಅಂಕಿ ಅಳಿಸಿ ಕನ್ನಡ ಅಂಕಿ ಬರೆಸಲಾಯಿತು. ಬಣ್ಣದವನಿಗೆ ಮಾದರಿಯನ್ನು ಅಮರನಾಥನೇ ಒಂದು ಕಾಗದದ ಮೇಲೆ ಬರೆದುಕೊಟ್ಟಿದ್ದ. "ಒಮ್ಮೆ ಯಾರಿಗರ ತೋರಸಲೇನ್ರಿ ಸರ್?" ಎಂದು ಬಣ್ಣದವನು ಕೇಳಿದಾಗ, "ಬರದಂಗ ಬರಿ. ನೀ ತಲಿ ಓಡಿಸಬ್ಯಾಡ" ಎಂದು ಗದರಿಸಿದ್ದ.

ಆ ಒಂದು ಕಲ್ಲಿನ ಪುಣ್ಯದಿಂದ ಇಂದು ಸಂಜೆ ಐದಕ್ಕೆ ನೆಹರು ಗಂಜಿನ ಸಭಾಮನೆಯಲ್ಲಿ ಅವನಿಗೆ ಸನ್ಮಾನ. ಬೇಳೆ ವ್ಯಾಪಾರಿ ಹಣಮಂತರಾಯರು ಅಧ್ಯಕ್ಷರು. ಶಾಲು, ಪೇಟ, 'ಅಂಕಿ ರತ್ನ' ಎಂಬ ಬಿರುದು. ಹುಟ್ಟಿದಾಗಿನಿಂದ ಅಮರನಾಥನ ಹೆಗಲ ಮೇಲೆ ಯಾರೂ ಒಂದು ಟವೆಲನ್ನೂ ಹಾಕಿರಲಿಲ್ಲ. ಮದುವೆಯಲ್ಲಿ ಕೂಡ ಮಾವನವರು ಶಲ್ಯ ಮರೆತು ಬಂದಿದ್ದರು. ಆದ್ದರಿಂದ ಆ ಶಾಲಿನ ಮೇಲೆ ಅವನಿಗೆ ಎಷ್ಟು ಆಸೆಯಿತ್ತೆಂದರೆ, ವಾರದಿಂದ ಮಲಗುವಾಗ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಹೆಂಡತಿ ಶೀಲಾ ಬಿಳಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಳು. ಓಣಿಯ ಮೂವತ್ತು ಮನೆಗೂ ಸುದ್ದಿ ಮುಟ್ಟಿಸಿದ್ದಳು.

ಬೆಳಿಗ್ಗೆ ಎಂಟೂವರೆಗೆ ಫೋನು ಬಂತು. ಸಾಹೇಬರು ಕಲ್ಯಾಣಪ್ಪ.

"ಅಮರನಾಥ, ಕಮಲಾಪುರ ಕಲ್ಲಿನ ಮರೆಪ್ಪ ಜ್ವರ ಬಂದು ಮಲಗ್ಯಾನ. ಇವತ್ತಿನ ಮಟ್ಟಿಗೆ ನೀ ಹೋಗಬೇಕು. ತಾಸಿಗೊಮ್ಮೆ ಕಲ್ಲು ನೋಡಿ ಎಷ್ಟ ಅಡಿ ನೀರದ ಅಂತ ಹೇಳಬೇಕು, ಅಷ್ಟ."

"ಸಾಹೇಬ್ರ, ಮಳಿ ನಿನ್ನೇನೇ ನಿಂತದಲ್ರೀ! ಬಿಸಲು ಬಿದ್ದದ."

"ಮಳಿ ನಿಂತದಪಾ. ಹೊಳಿ ನಿಂತಿಲ್ಲ. ಮ್ಯಾಲ ಎಂಟ ದಿನ ಬಿದ್ದ ನೀರು ಈಗ ದಾರಿ ಹುಡುಕ್ಕೋತ ಬರ್ಲಾಕತ್ತದ. ಆರ ಅಡಿಗೆ ಹುಷಾರ್ ಇರಬೇಕು. ಒಂಬತ್ತಾದ್ರ ಸೇತುವೆ ಬಂದ್, ಕೆಳಗಿನ ಓಣಿ ಖಾಲಿ."

ಆರು, ಒಂಬತ್ತು. ಅಮರನಾಥ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ. "ಇವತ್ತು ಐದಕ್ಕ ನನಗ ಸನ್ಮಾನ ಅದರೀ... ಬ್ಯಾರೆ ಯಾರನ್ನಾದರೂ..."

"ಬ್ಯಾರೆ ಯಾರಿಗೆ ಆ ಕಲ್ಲು ಓದ್ಲಿಕ್ಕೆ ಬರ್ತದ? ಇಡೀ ಆಫೀಸಿನಾಗ ಕನ್ನಡ ಅಂಕಿ ಬಲ್ಲಾಂವ ನೀ ಒಬ್ಬ. ಮಾಡಿದ್ದುಣ್ಣೋ ಮಾರಾಯ! ಮೂರಕ್ಕ ಬಿಡ್ತೀನಿ, ಹೋಗು."

ಗಂಜಿ ಹಾಕಿದ ಅಂಗಿಯನ್ನೇ ತೊಟ್ಟುಕೊಂಡ. ವಾಪಸು ಬಂದು ಬದಲಿಸಲು ಹೊತ್ತಿರುವುದಿಲ್ಲ ಎಂಬ ಲೆಕ್ಕ. ಕೈಯಲ್ಲಿ ಕೊಡೆ. ಹತ್ತು ಗಂಟೆಗೆ ಬಸ್ಸು ಸೇತುವೆ ದಾಟಿ ಕಮಲಾಪುರದ ಕಡೆಯ ದಂಡೆಯಲ್ಲಿ ಅವನನ್ನು ಇಳಿಸಿತು.

ಇಳಿದವನು ತನ್ನ ಸನ್ಮಾನವನ್ನೂ ಮರೆತು ನಿಂತುಬಿಟ್ಟ.

ಅವನು ಆ ಹೊಳೆಯನ್ನು ಬೇಸಿಗೆಯಲ್ಲಿ ನೋಡಿದ್ದ. ಎಮ್ಮೆಯೊಂದು ಮಲಗಿದರೆ ಅಡ್ಡ ತುಂಬಿಹೋಗುವಂಥ ಹೊಳೆ. ಈಗ ಆಚೆ ದಂಡೆ ಎಲ್ಲಿದೆ ಎಂದು ಕಣ್ಣಿನಿಂದ ಹುಡುಕಬೇಕಾಗಿತ್ತು. ಕರಿಮಣ್ಣು ತೊಳೆದ ನೀರು ಚಹಾದ ಬಣ್ಣಕ್ಕೆ ತಿರುಗಿ, ಬೇರುಸಹಿತ ಬೇವಿನ ಮರವನ್ನು ಹೊತ್ತುಕೊಂಡು ಅವಸರವೇ ಇಲ್ಲದೆ ಹೋಗುತ್ತಿತ್ತು. ಸದ್ದಿರಲಿಲ್ಲ. ಅದೇ ಭಯ ಹುಟ್ಟಿಸುವಂತಿತ್ತು. ಇಷ್ಟು ದೊಡ್ಡದೊಂದು ಇಷ್ಟು ಸುಮ್ಮನೆ ಹೇಗೆ ನಡೆಯುತ್ತದೆ? ಅಮರನಾಥನ ಕೈಗಳು ತಾವಾಗಿಯೇ ಜೋಡಿಕೊಂಡವು. ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಕಾಣುವ ಊರಿನವನು ಅವನು. ಅವನಂತೆಯೇ ಕಲಬುರಗಿಯಿಂದ ಸ್ಕೂಟರು ಹತ್ತಿ ಬಂದ ಜನ ದಂಡೆಯುದ್ದಕ್ಕೂ ಬಾಯಿ ತೆರೆದು ನಿಂತಿದ್ದರು. ಮಿರ್ಚಿ ಭಜಿಯವನ ಒಲೆ ಹೊತ್ತಿತ್ತು. ಕೆಂಪು ಬಾಳೆಹಣ್ಣಿನ ಗಾಡಿಯವನು ಕೂಡ ವ್ಯಾಪಾರ ಮರೆತು ನೀರು ನೋಡುತ್ತಿದ್ದ.

ಅಮರನಾಥ ಮೆಟ್ಟಿಲ ಕಡೆಗೆ ಬಂದ. ನೀರಿನ ಮೇಲೆ ಇನ್ನೂ ಹನ್ನೊಂದು ಮೆಟ್ಟಿಲು ಒಣಗಿದ್ದವು. ಕೆಳಗೆ, ಕೈಗೆಟುಕುವಷ್ಟು ದೂರದಲ್ಲಿ ತನ್ನ ಕಲ್ಲು. ಆದರೆ ಕಲ್ಲೆಲ್ಲಿದೆ? ಅಲ್ಲಿ ಹಸಿರು ಸೀರೆ ಉಟ್ಟು, ಅರಿಶಿನ ಕುಂಕುಮ ಬಳಿದುಕೊಂಡು, ಚೆಂಡುಹೂವಿನ ದಂಡೆ ಮುಡಿದ ಒಬ್ಬ ದೇವಿ ನಿಂತಿದ್ದಳು.

ತುಂಬಿದ ಹೊಳೆ ಎಂದರೆ ತುಂಬಿದ ಬಸುರಿ. ಅವಳಿಗೆ ಉಡಿ ತುಂಬುವುದು ಈ ಕಡೆಯ ಹೆಣ್ಣುಮಕ್ಕಳ ಪದ್ಧತಿ. ಸೀರೆ, ಕುಬಸ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹೊಳೆಗೆ ಅರ್ಪಿಸುತ್ತಾರೆ. ನಿನ್ನೆ ನೀರು ಇನ್ನೂ ಕೆಳಗಿದ್ದಾಗ ಬಂದವರು, ಬಿಟ್ಟ ಸೀರೆ ಸುಮ್ಮನೆ ತೇಲಿ ಹೋಗುತ್ತದಲ್ಲ ಎಂದು, ಎದುರಿಗಿದ್ದ ಕಲ್ಲಿಗೇ ನೆರಿಗೆ ಹಿಡಿದು ಉಡಿಸಿದ್ದರು. ಈಗ ಕೆಳಗಿನ ಅಂಕಿಗಳು ನೀರಿನಡಿ. ಮೇಲಿನದೆಲ್ಲ ಸೀರೆಯೊಳಗೆ. ನೀರಿಗೂ ಸೀರೆಯ ಅಂಚಿಗೂ ನಡುವೆ ನಾಲ್ಕು ಬೆರಳಷ್ಟು ಕಲ್ಲು ಕಾಣುತ್ತಿತ್ತು. ಅಲ್ಲೊಂದು ಅಂಕಿಯ ಹೊಟ್ಟೆ ಮಾತ್ರ ಇತ್ತು. ಬಾಲವಿರಲಿಲ್ಲ.

ದೇವರೇ, ಎಂದುಕೊಂಡ ಅಮರನಾಥ. ಇಷ್ಟು ಅಂಕಿಗಳಿದ್ದವಲ್ಲ, ಆ ಎರಡರಲ್ಲೇ ಒಂದು ಬರಬೇಕಿತ್ತೆ?

"ಸರ್, ನೀವು ಅಂಕಿ ಬಳಗದ ಅಮರನಾಥ ಸರ್ ಅಲ್ಲೇನ್ರಿ?" ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕಣ್ಣರಳಿಸಿ ನಿಂತಿದ್ದಳು. "ಪೇಪರಿನಾಗ ನಿಮ್ಮ ಫೋಟೋ ನೋಡೀನ್ರಿ. ನಾ ಪಂಚಶೀಲಾ ಅಂತ, ಇಲ್ಲೇ ಸಾಲಿ ಟೀಚರ್ರಿ. ನಿಮ್ಮ ಲೇಖನ ಓದೇ ನಾ ಮಕ್ಕಳಿಗೆ ಕನ್ನಡ ಅಂಕಿ ಕಲಸ್ಲಾಕತ್ತೀನ್ರಿ."

ಅಮರನಾಥನಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಆದರೆ ಕೇಳುವುದು ಹೇಗೆ? ಗಂಟಲು ಸರಿಮಾಡಿಕೊಂಡು ಪರೀಕ್ಷೆ ಮಾಡುವವನಂತೆ ಹುಬ್ಬೇರಿಸಿದ. "ಹಂಗೇನು? ಭಾಳ ಚಲೋ. ಹಂಗಾರ ಹೇಳು ನೋಡೋಣು, ಆ ಕಲ್ಲಿನ ಮ್ಯಾಲ ಕಾಣೂದು ಯಾವ ಅಂಕಿ?"

ಪಂಚಶೀಲಾ ಬಗ್ಗಿ ನೋಡಿದಳು. ತಲೆ ಅಲ್ಲಾಡಿಸಿದಳು. "ಹೊಟ್ಟಿ ಅಷ್ಟ ಕಾಣ್ತದಲ್ರೀ ಸರ್. ಬಾಲ ನೀರಾಗೋ ಸೀರ್ಯಾಗೋ ಅದ. ಆರೂ ಇರಬಹುದು, ಒಂಬತ್ತೂ ಇರಬಹುದು. ನನಗ ಹೇಳ್ಲಿಕ್ಕೆ ಬರಂಗಿಲ್ರಿ. ನೀವ ಹೇಳ್ರಿ."

ಬಲ್ಲವಳು ಗೊತ್ತಿಲ್ಲ ಎಂದಳು. ಇನ್ನು ಉಳಿದವನು ಬಲ್ಲವನೆಂದು ಹೆಸರಾದವನು. ಸುತ್ತ ಐವತ್ತು ಜನ ಅವನ ಬಾಯಿ ನೋಡಿದರು. ಅಷ್ಟರಲ್ಲಿ ಕಲ್ಯಾಣಪ್ಪನ ಫೋನು.

"ಹತ್ತ ಗಂಟೇದು ಹೇಳು. ಎಷ್ಟದ?"

ಅದೇ ಗಳಿಗೆಯಲ್ಲಿ ಎರಡನೆಯ ಮರವೊಂದು ಬಂತು. ಅದರ ಟೊಂಗೆಯ ಮೇಲೆ ಒಂದು ಬೆಕ್ಕು ಕೂತು, ದಂಡೆಯ ಜನರನ್ನೆಲ್ಲ ನೋಡುತ್ತ, ಕೂಗದೆ ಸಾಗಿಹೋಯಿತು. ಅಮರನಾಥ ಲೆಕ್ಕ ಹಾಕಿದ. ಆರಿದ್ದು ಒಂಬತ್ತೆಂದರೆ ಜನಕ್ಕೆ ತೊಂದರೆ. ಒಂಬತ್ತಿದ್ದು ಆರೆಂದರೆ ಜನವೇ ಇರುವುದಿಲ್ಲ.

"ಒಂ... ಒಂಬತ್ತು, ಸಾಹೇಬ್ರ!"

ಆಮೇಲೆ ನಡೆದದ್ದೆಲ್ಲ ಜಾರುಬಂಡೆಯ ಮೇಲೆ ನಡೆದಂತೆ ನಡೆಯಿತು. ಹತ್ತೇ ನಿಮಿಷಕ್ಕೆ ಪೊಲೀಸ್ ಪೇದೆ ದೌಲಪ್ಪ ಸೀಟಿ ಊದುತ್ತ ಬಂದು ಸೇತುವೆಗೆ ಹಗ್ಗ ಕಟ್ಟಿದ. ಆಚೆ ದಂಡೆಯಲ್ಲೂ ಹಗ್ಗ. ಬಸ್ಸು ಲಾರಿ ಸಾಲುಗಟ್ಟಿದವು. ಕೆಳಗಿನ ಓಣಿಯ ಇಪ್ಪತ್ತು ಮನೆಯವರನ್ನು ಕೋಳಿ ಕುರಿ ಸಮೇತ ಪಂಚಶೀಲಾಳ ಸಾಲಿಗೆ ಅಟ್ಟಿದರು. ಎಲ್ಲ ಮುಗಿದು ಒಂದು ಉಸಿರು ಬಿಟ್ಟ ಮೇಲೆ ಅಮರನಾಥನಿಗೆ ಹೊಳೆಯಿತು: ಸೇತುವೆ ಬಂದ್. ತಾನು ಈಚೆಗೆ. ಶಾಲು ಆಚೆಗೆ.

"ದೌಲಪ್ಪ, ನನಗ ಒಬ್ಬಂಗ ಬಿಡ್ತಿಯೇನಪಾ? ಮೂರಕ್ಕ ಹೋಗಬೇಕು."

"ನೀವ ಒಂಬತ್ತಂದೀರಿ, ನೀವ ದಾಟ್ತೀನಂತೀರಿ? ಛೇ ಛೇ. ಸಾಹೇಬ್ರ, ನಿಮ್ಮ ಜೀವ ನಮಗ ಬೇಕ್ರೀ. ನೀವು ಹೋದ್ರ ಕಲ್ಲು ಓದೋರು ಯಾರು?"

ಆ ಹೊಟ್ಟೆಯ ಮೇಲೆ, ಸೀರೆಯೊಳಗಿರುವ ಅಂಕಿ ಕಂಡರೆ ಸಾಕು, ಎಲ್ಲ ಬಗೆಹರಿಯುತ್ತದೆ. ಅದು ಏಳಾಗಿದ್ದರೆ ಕೆಳಗಿನದು ಆರು. ಮೇಲೆ ಅಂಕಿಯೇ ಇಲ್ಲದಿದ್ದರೆ ಒಂಬತ್ತು, ಕಲ್ಲು ಅಲ್ಲಿಗೇ ಮುಗಿಯುತ್ತದೆ. ಅಮರನಾಥ ಅತ್ತಿತ್ತ ನೋಡಿ, ಮೆಟ್ಟಿಲಿಳಿದು, ಕೊಡೆಯ ತುದಿಯಿಂದ ಸೀರೆಯ ಅಂಚನ್ನು ಮೆಲ್ಲಗೆ ಸರಿಸಲು ಹೋದ.

"ಏಽ ಮೂಳ! ತೆಗಿ ಕೈ!"

ಸಿಡಿಲು ಬಡಿದಂತಾಯಿತು. ಕೆಳಗಿನ ಓಣಿಯ ಹಣಮಮ್ಮ, ಎಪ್ಪತ್ತರ ಮುದುಕಿ, ಮನೆ ಬಿಡಿಸಿದ ಸಿಟ್ಟಿನಲ್ಲೇ ಇದ್ದವಳು, ಕೋಲು ಹಿಡಿದು ಇಳಿದು ಬಂದಳು. "ತುಂಬಿದ ಬಸುರಿ ಅದಾಳ ಗಂಗವ್ವ! ಆಕೀ ಸೀರಿಗೆ ಕೈ ಹಾಕ್ತಿಯೇನೋ ಭಾಡ್ಯಾ? ನಿಮ್ಮವ್ವ ನಿನಗ ಇದನ್ನ ಕಲಸ್ಯಾಳೇನು?"

"ಆಯಿ, ಅದು ಸರಕಾರಿ ಕಲ್ಲು..."

"ನಿನ್ನೆ ಕಲ್ಲಿತ್ತು. ಉಡಿ ತುಂಬಿದ ಮ್ಯಾಲ ಗಂಗವ್ವ!"

ಸುತ್ತಲಿನ ಹೆಂಗಸರೂ ಎದ್ದರು. ಅಮರನಾಥ ಹಿಂದಕ್ಕೆ ಸರಿದ, ಜಾರಿದ, ಸೊಂಟದ ತನಕ ನೀರಿಗೆ ಇಳಿದ. ಒಂದೇ ಒಂದು ಕ್ಷಣ ಹೊಳೆ ಅವನ ಕಾಲನ್ನು ಹಿಡಿದು ಎಳೆಯಿತು. ಆ ಶಕ್ತಿಯನ್ನು ಅವನು ಸಾಯುವ ತನಕ ಮರೆಯುವಂತಿರಲಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಆಟವಿರಲಿಲ್ಲ. ತಾನು ಹೋಗುತ್ತಿದ್ದೇನೆ, ಬರುವುದಾದರೆ ಬಾ, ಎನ್ನುವಂತಿತ್ತು. ಬೈಯುತ್ತಲೇ ಹಣಮಮ್ಮ ತನ್ನ ಕೋಲು ಚಾಚಿ ಅವನನ್ನು ಮೇಲಕ್ಕೆಳೆದಳು. ಕೊಡೆ ಹೋಯಿತು. ಗಂಜಿ ಹಾಕಿದ ಅಂಗಿ ಚಹಾದ ಬಣ್ಣಕ್ಕೆ ಬಂತು.

ಹನ್ನೊಂದರ ಫೋನನ್ನು ಅವನು ಎತ್ತಲಿಲ್ಲ. ಹನ್ನೆರಡಕ್ಕೆ ಬುದ್ಧಿ ಬಂದು ಮರೆಪ್ಪನಿಗೆ ಫೋನು ಮಾಡಿದ. ದಿನಾ ಕಲ್ಲು ನೋಡುವವನು ಅವನಲ್ಲವೆ?

"ಕಲ್ಲೇನ್ರಿ?" ಮರೆಪ್ಪ ಜ್ವರದಲ್ಲೂ ನಕ್ಕ. "ನೀವು ಕನ್ನಡ ಅಂಕಿ ಬರಸಿದಾಗಿಂದ ನಾ ಕಲ್ಲು ನೋಡೇ ಇಲ್ರಿ. ನನಗ ಓದ್ಲಿಕ್ಕೆ ಬರಂಗಿಲ್ಲ. ಮೆಟ್ಟಲ ಬಾಜೂಕ ಹುಣಸಿ ಗಿಡ ಅದ ನೋಡ್ರಿ. ನೀರು ಅದರ ಬೇರಿಗೆ ಮುಟ್ಟಿದ್ರ ಆರು. ಬಾಗಿದ ಟೊಂಗಿ ತುದಿಗೆ ಮುಟ್ಟಿದ್ರ ಒಂಬತ್ತು. ನಮ್ಮಪ್ಪನ ಕಾಲದಿಂದ ಹಂಗ ಹೇಳ್ಕೋತ ಬಂದೀವಿ. ಒಮ್ಮೆನೂ ತಪ್ಪಿಲ್ಲ."

ಅಮರನಾಥ ತಿರುಗಿ ನೋಡಿದ. ನೀರು ಬೇರನ್ನು ನೆಕ್ಕುತ್ತಿತ್ತು. ಟೊಂಗೆ ಒಣಗಿತ್ತು.

ಆರು! ಬರೀ ಆರು!

ಇನ್ನು ಸಾಹೇಬರಿಗೆ ಹೇಳಿದರಾಯಿತು. ಆದರೆ ಏನಂತ? ಅಂಕಿ ರತ್ನನಿಗೆ ಅಂಕಿ ತಿಳಿಯಲಿಲ್ಲ ಅಂತಲೆ? ಸನ್ಮಾನಕ್ಕೆ ಐದು ತಾಸು ಇರುವಾಗ? ಅಮರನಾಥ ಒಂದು ಜಾಣತನ ಮಾಡಿದ. ಜೀವನದಲ್ಲಿ ಅವನು ಜಾಣತನ ಮಾಡಿದಾಗಲೆಲ್ಲ ಏನಾಗಿತ್ತೋ ಅದೇ ಈಗಲೂ ಆಯಿತು.

"ಸಾಹೇಬ್ರ, ಖುಷಿ ಸುದ್ದಿ! ನೀರು ಇಳಿದಾವ. ಈಗ ಆರು!"

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಕಲ್ಯಾಣಪ್ಪ ಎದ್ದು ನಿಂತಿದ್ದರು. "ಎರಡು ತಾಸಿನಾಗ ಮೂರ ಅಡಿ ಇಳೀತಾ? ಅಯ್ಯೋ ಯಪ್ಪಾ! ಹಿಂಗ ಒಮ್ಮೆಲೆ ಇಳೀತಂದ್ರ ಎಲ್ಲೋ ಒಡ್ಡು ಒಡದದ! ಆ ನೀರೆಲ್ಲ ಯಾವ ಊರಿಗೆ ನುಗ್ತೋ ಏನೋ!"

"ಒಡ್ಡೇನೂ ಒಡದಿಲ್ರೀ..."

"ನಿನಗ ಹೆಂಗ ಗೊತ್ತು? ನೀ ಅಲ್ಲೇ ಕುಂದ್ರು. ಸೇತುವೆ ಬಂದ್ ಇರ್ಲಿ. ಮೂರಕ್ಕ ಬಿಡ್ತೀನಂದಿದ್ದೆ, ಆದ್ರ ಹಿಂಥಾ ಹೊತ್ತಿನಾಗ ನಿನ್ನಂಥ ಅನುಭವಸ್ಥ ಅಲ್ಲೇ ಬೇಕು."

ಒಂದು ತಾಸಿನಲ್ಲಿ ಹೊಳೆಯ ಮೇಲಿನ, ಕೆಳಗಿನ ಎಲ್ಲ ಊರಲ್ಲೂ ಡಂಗುರ. ಜೀಪುಗಳು ಒಡ್ಡು ಒಡ್ಡಿಗೂ ಓಡಿದವು. ಎಲ್ಲೂ ಏನೂ ಒಡೆದಿರಲಿಲ್ಲ. ಒಡೆದಿದ್ದದ್ದು ಅಮರನಾಥನ ನಸೀಬು ಮಾತ್ರ. ಅವನು ತಾಸಿಗೊಮ್ಮೆ ಫೋನಿನಲ್ಲಿ ಆರು ಎಂದು ಹೇಳುತ್ತ, ಮೇಲಿನ ಮೆಟ್ಟಿಲಲ್ಲಿ ಕೂತು, ಹಿಂಡಿದ ಅಂಗಿಯನ್ನು ಬಿಸಿಲಿಗೆ ಹಿಡಿದು, ಆಚೆ ದಂಡೆಯನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಅಷ್ಟು ಹತ್ತಿರಕ್ಕೆ ಬಂದ ಮರ್ಯಾದೆ ಕೈತಪ್ಪಿತಲ್ಲ!

ನಾಲ್ಕೂವರೆಗೆ ಹಣಮಂತರಾಯರ ಫೋನು ಬಂತು. "ಏನ್ ಚಿಂತಿ ಮಾಡಬ್ಯಾಡ್ರಿ ಅಮರನಾಥ! ಜನಸೇವಾದಾಗ ಸಿಕ್ಕೊಂಡೀರಿ ಅಂತ ಎಲ್ಲಾರಿಗೂ ಹೇಳೀನಿ. ವಿಡಿಯೋ ಕಾಲ್ ಮಾಡ್ತೀವಿ. ದೊಡ್ಡ ಪರದಾ ಕಟ್ಟಸೀನಿ. ತುಂಬಿದ ಹೊಳಿ ಮುಂದ ನೀವು ನಿಂತಿದ್ದು ನೋಡಿದ್ರ ಜನ ದಂಗಾಗಬೇಕು! ಶಾಲು ನಿಮ್ಮ ಶೀಲಮ್ಮನವರ ಕೈಯಾಗ ಕೊಡ್ತೀವಿ."

ಬತ್ತಿದ ದೀಪಕ್ಕೆ ಎಣ್ಣೆ ಬಿದ್ದಂತಾಯಿತು. ಅಮರನಾಥ ಒದ್ದೆ ಅಂಗಿ ತೊಟ್ಟ, ತಲೆ ಬಾಚಿದ. ಪಂಚಶೀಲಾ ಫೋನು ಹಿಡಿದುಕೊಳ್ಳಲು ಒಪ್ಪಿದಳು. ಐದಕ್ಕೆ ಸರಿಯಾಗಿ ಪರದೆಯ ಮೇಲೆ ಸಭಾಮನೆ ಕಂಡಿತು: ಮುನ್ನೂರು ಜನ, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ಶೀಲಾ, ಇಡೀ ಶಹಾಬಜಾರ. ಕಲ್ಯಾಣಪ್ಪ ಸಾಹೇಬರೂ ವೇದಿಕೆಯ ಮೇಲಿದ್ದರು. ಹಣಮಂತರಾಯರು ಶುರು ಮಾಡಿದರು: "ಆರು ಅಂದ್ರೇನು, ಒಂಬತ್ತು ಅಂದ್ರೇನು, ನಮಗ ಕಲಸಿದ ಮಹಾನುಭಾವ..."

"ಸರ್," ಪಂಚಶೀಲಾ ಮೆಲ್ಲಗೆ ಎಂದಳು, "ಹಿಂದ ನೋಡ್ರಿ."

ಅಮರನಾಥ ತಿರುಗಿದ. ಬೆಳಿಗ್ಗೆ ಅವನು ಎಣಿಸಿದ್ದ ಹನ್ನೊಂದು ಮೆಟ್ಟಿಲುಗಳಲ್ಲಿ ನಾಲ್ಕು ಉಳಿದಿದ್ದವು. ಆಕಾಶದಲ್ಲಿ ಒಂದು ಮೋಡವಿಲ್ಲ. ಇಳಿಬಿಸಿಲು ಬಂಗಾರದಂತೆ ಬಿದ್ದಿದೆ. ಆ ಬಂಗಾರದ ಅಡಿಯಲ್ಲಿ ಹೊಳೆ, ಮಲಗಿದ್ದ ಪ್ರಾಣಿ ಉಸಿರು ತೆಗೆದುಕೊಂಡಂತೆ, ಸದ್ದಿಲ್ಲದೆ ಮೈಯುಬ್ಬಿಸಿ ಏಳುತ್ತಿತ್ತು. ಮೇಲಿನ ನೀರು ಅರ್ಧ ತಾಸಿನಲ್ಲೇ ಬಂದು ಮುಟ್ಟಿತ್ತು. ಅವರು ನೋಡುತ್ತಿದ್ದಂತೆಯೇ ಹಸಿರು ಸೀರೆಯ ನೆರಿಗೆಗಳು ಬಿಚ್ಚಿಕೊಂಡವು. ಸೀರೆ ಕಲ್ಲನ್ನು ಬಿಟ್ಟು ನೀರ ಮೇಲೆ ಉದ್ದಕ್ಕೆ ಹಾಸಿಕೊಂಡಿತು. ಹೊಳೆ ಅದನ್ನು ತಾನೇ ಉಟ್ಟುಕೊಂಡು ಹೊರಟಂತೆ ಕಂಡಿತು.

"ಗಂಗವ್ವ ಒಯ್ದಳು! ಒಪ್ಪಿಸಿಕೊಂಡಳು!" ಹಣಮಮ್ಮ ನೆಲಕ್ಕೆ ಹಣೆ ಹಚ್ಚಿದಳು. ದಂಡೆಯ ಜನರೆಲ್ಲ ಕೈ ಮುಗಿದರು. ಭಜಿಯವನ ಎಣ್ಣೆಯ ಸದ್ದಷ್ಟೇ ಕೇಳುತ್ತಿತ್ತು.

ಕಲ್ಲು ಈಗ ಬರಿದಾಗಿತ್ತು. ನೀರಿನ ತುಟಿಗೆ ಸರಿಯಾಗಿ ಒಂದೇ ಅಂಕಿ, ತಲೆ ಹೊಟ್ಟೆ ಬಾಲ ಸಮೇತ, ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಬಾಲ ಕೆಳಕ್ಕಿತ್ತು.

"ಆರು!" ಎಂದಳು ಪಂಚಶೀಲಾ ಗಟ್ಟಿಯಾಗಿ. ಆಮೇಲೆ ತಾನೇ ಗೊಂದಲಕ್ಕೆ ಬಿದ್ದಳು. "ಅರೆ! ನೀರು ಏರ್ಯಾವ, ಅಂಕಿ ಇಳದದ. ಹೆಂಗ್ರೀ ಸರ್?"

ಆ ಎರಡನೆಯ ಮಾತು ರಸ್ತೆಯ ತನಕ ಮುಟ್ಟಲಿಲ್ಲ. ಮುಟ್ಟಿದ್ದು ಮೊದಲನೆಯದು. ಬೆಳಿಗ್ಗೆಯಿಂದ ಸಿಕ್ಕಿಹಾಕಿಕೊಂಡಿದ್ದ ಜನ ಕೇಕೆ ಹಾಕಿದರು. "ಆರಂತ! ಟೀಚರ್ ಓದ್ಯಾರ! ಬಿಡಪಾ ದೌಲಪ್ಪ ಹಗ್ಗ!" ಬಸ್ಸಿನ ಇಂಜಿನ್ನು ಗುಡುಗಿತು. ದೌಲಪ್ಪ ಹಗ್ಗಕ್ಕೆ ಕೈ ಹಾಕಿದ.

ಅಮರನಾಥ ಹುಣಸೆಯನ್ನು ನೋಡಿದ. ಬಾಗಿದ ಟೊಂಗೆಯ ತುದಿ ನೀರಲ್ಲಿ ಅದ್ದಿ ನಡುಗುತ್ತಿತ್ತು. ಒಂಬತ್ತು. ಸುಳ್ಳೇ ಇಲ್ಲದ ಒಂಬತ್ತು. ಆಗ ಅವನ ಕಣ್ಣ ಮುಂದೆ ಬೇಸಿಗೆಯ ಒಂದು ಕಾಗದ ಬಂದು ನಿಂತಿತು. ತನ್ನದೇ ಕೈಬರಹ. ಆರರ ಜಾಗದಲ್ಲಿ ಒಂಬತ್ತು, ಒಂಬತ್ತರ ಜಾಗದಲ್ಲಿ ಆರು. ಬರದಂಗ ಬರಿ, ತಲಿ ಓಡಿಸಬ್ಯಾಡ.

"ನಿಂದ್ರಸ್ರೀ!" ಅವನು ಮೆಟ್ಟಿಲು ಹತ್ತಿ ಓಡಿದ. "ಬಸ್ ನಿಂದ್ರಸ್ರೀ! ಅದು ಆರಲ್ಲ, ಒಂಬತ್ತು!" ಏನಾಯಿತೆಂದು ತಿಳಿಯದೆ ಪಂಚಶೀಲಾ ಫೋನು ಹಿಡಿದುಕೊಂಡೇ ಬೆನ್ನ ಹಿಂದೆ ಓಡಿದಳು.

ದೌಲಪ್ಪ ಸೊಂಟದ ಮೇಲೆ ಕೈಯಿಟ್ಟ. "ಮುಂಜಾನೆ ಒಂಬತ್ತಂದ್ರಿ. ಮಧ್ಯಾಹ್ನ ಆರಂದ್ರಿ. ಈಗ ಕಲ್ಲಿನ ಮ್ಯಾಲ ಆರು ಕಾಣ್ಲಾಕತ್ತದ, ನೀವು ಒಂಬತ್ತಂತೀರಿ. ಆ ಅಂಕಿ ಬರಸಿದವರೂ ನೀವ. ಕಲ್ಲು ಸುಳ್ಳೋ, ನೀವು ಸುಳ್ಳೋ, ಒಂದು ಹೇಳ್ರಿ."

ಬಸ್ಸಿನ ಮುಂಗಾಲಿ ಸೇತುವೆಯ ಮೇಲೆ ಹತ್ತಿತ್ತು. ಕಿಟಕಿಗಳಲ್ಲಿ ನಲವತ್ತು ಮುಖ. ಒಬ್ಬಳು ತಾಯಿ ಕೂಸಿಗೆ ನೀರು ತೋರಿಸುತ್ತಿದ್ದಳು. ಪಂಚಶೀಲಾಳ ಕೈಯಲ್ಲಿ ಸಭಾಮನೆಯ ಮುನ್ನೂರು ಮುಖ. ಬೆಳಿಗ್ಗೆ ತನ್ನ ಕಾಲನ್ನು ಹಿಡಿದೆಳೆದ ನೀರು ಅಮರನಾಥನಿಗೆ ನೆನಪಾಯಿತು. ಶಾಲು ಕೂಡ ನೆನಪಾಯಿತು. ಆದರೂ ಕೂಗಿದ.

"ಕಲ್ಲೂ ಸುಳ್ಳು, ನಾನೂ ಸುಳ್ಳು! ನನಗ ಕನ್ನಡದಾಗ ಆರು ಯಾವದು, ಒಂಬತ್ತು ಯಾವದು ಗೊತ್ತಿಲ್ರೀ! ಹುಟ್ಟಿದಾಗಿಂದ ಗೊತ್ತಿಲ್ಲ! ನಾ ಉಲ್ಟಾ ಬರಕೊಟ್ಟೆ, ಬಣ್ಣದಾಂವ ಉಲ್ಟಾ ಬರದ! ಆ ಆರು ಅಂದ್ರ ಒಂಬತ್ತು! ನನ್ನ ಮಾತು ನಂಬಬ್ಯಾಡ್ರಿ, ಹುಣಸಿ ಟೊಂಗಿ ನೋಡ್ರಿ!"

ಹಣಮಮ್ಮ ಟೊಂಗೆಯನ್ನು ನೋಡಿದಳು. ಅವಳಿಗೆ ಅಕ್ಷರ ಬಾರದು, ಹುಣಸೆ ಬರುತ್ತಿತ್ತು. "ಏ ಡ್ರೈವರಾ!" ಎಂದು ಕೋಲೆತ್ತಿ ಬಸ್ಸಿನ ಮುಂದೆ ನಿಂತಳು. "ಹಿಂದಕ್ಕ ತಗಿ! ಟೊಂಗಿ ಮುಳಗ್ಯದ!"

ಬಸ್ಸು ಹಿಂದೆ ಬಂತು. ಹತ್ತು ನಿಮಿಷವೂ ಆಗಿರಲಿಲ್ಲ. ಸೇತುವೆಯ ನಡುವೆ ಒಂದು ಹೊಳಪಿನ ಗೆರೆ ಕಂಡಿತು. ಗೆರೆ ಪಟ್ಟಿಯಾಯಿತು, ಪಟ್ಟಿ ಚಾದರವಾಯಿತು. ನೋಡುನೋಡುತ್ತ ಸೇತುವೆಯೇ ಇರಲಿಲ್ಲ. ಈ ದಂಡೆಯಿಂದ ಆ ದಂಡೆಗೆ ಬಂಗಾರದ ನೀರು ಮಾತ್ರ ಇತ್ತು. ಕೆಳಗಿನ ಓಣಿಯ ಖಾಲಿ ಮನೆಗಳ ಹೊಸ್ತಿಲನ್ನು ಅದು ಒಂದೊಂದಾಗಿ ದಾಟಿತು. ಬಸ್ಸಿನ ನಲವತ್ತು ಜನ ಇಳಿದು ಬಂದು ದಂಡೆಯಲ್ಲಿ ನಿಂತರು. ಡ್ರೈವರು ಅಮರನಾಥನ ಕೈ ಹಿಡಿದುಕೊಂಡ. ಬಿಡಲೇ ಇಲ್ಲ. ಅವನ ಕೈ ತಣ್ಣಗಿತ್ತು.

ಹಣಮಮ್ಮ ತನ್ನ ಮುಳುಗುವ ಮನೆಯನ್ನು ನೋಡಿದಳು, ಆಮೇಲೆ ಇವನನ್ನು ನೋಡಿದಳು. ಉಡಿಯಿಂದ ಒಂದು ಕೊಬ್ಬರಿ ಬಟ್ಟಲು ತೆಗೆದು ಕೊಟ್ಟಳು. "ತಿನ್ನಪಾ. ಮುಂಜಾನಿ ನಿನ್ನ ಸುಳ್ಳಿಗೆ ನಾವು ಮನಿ ಬಿಟ್ಟಿವಿ. ಅದಕ್ಕ ಉಳದೀವಿ."

ಅಷ್ಟು ಹೊತ್ತಿಗೆ ವಿಡಿಯೋ ಕಾಲ್ ಕಟ್ಟಾಗಿತ್ತು. ಫೋನು ಮತ್ತೆ ಹೊಡೆದುಕೊಂಡಿತು. ಕಲ್ಯಾಣಪ್ಪ.

"ಕೇಳಿದೆ. ಇಡೀ ಸಭಾ ಕೇಳೇದ."

"ತಪ್ಪಾಯ್ತು ಸಾಹೇಬ್ರ. ಅಮಾನತು ಮಾಡ್ತೀರೇನ್ರಿ?"

"ಅಮಾನತು ಮಾಡಿದ್ರ ಕಲ್ಲು ಯಾರು ಓದಬೇಕು? ನೀರು ಪೂರಾ ಇಳಿಯೋತನಕ ಆ ಕಲ್ಲಿಗೆ ಬಣ್ಣ ಹಚ್ಚಲಿಕ್ಕಾಗಂಗಿಲ್ಲ. ಮ್ಯಾಲ ಇನ್ನೂ ನೀರು ಬರೂದದ. ಟೊಂಗಿ ಬೇರು ಅಂತ ಫೈಲಿನಾಗ ಬರೀಲಿಕ್ಕೆ ಬರಂಗಿಲ್ಲ, ಕಲ್ಲಿನ ಲೆಕ್ಕನೇ ಬೇಕು. ಆ ಉಲ್ಟಾ ಕಲ್ಲು ಸುಲ್ಟಾ ಓದೋ ಮನುಷ್ಯ ಈ ಭೂಮಿ ಮ್ಯಾಲ ನೀ ಒಬ್ಬನೇ. ಅಲ್ಲೇ ಸಾಲಿಯೊಳಗ ಉಳಕೋ. ತಾಸಿಗೊಮ್ಮೆ ಫೋನ್ ಮಾಡು. ಈಗ ಎಷ್ಟದ?"

ಅಮರನಾಥ ಕಲ್ಲನ್ನು ನೋಡಿದ. "ಆರು ಅಂತ ಬರದದ್ದು ಅರ್ಧ ಮುಳಗ್ಯದರೀ. ಅಂದ್ರ ಒಂಬತ್ತು."

ಫೋನಿಟ್ಟ ಕೂಡಲೇ ಶೀಲಾಳದು ಬಂತು. ಬೈಗುಳಕ್ಕೆ ಅವನು ಕಿವಿ ಸಿದ್ಧ ಮಾಡಿಕೊಂಡ. ಆದರೆ ಅವಳ ದನಿಯಲ್ಲಿ ಏನೋ ಸಡಗರವಿತ್ತು.

"ನೀವು ಚೀರಿದ ಮ್ಯಾಲ ಎಲ್ಲಾರೂ ಕಲ್ಲಾಗಿ ಕುಂತರು. ಹಣಮಂತರಾಯರು ಪಾಪ, ತಂದ ಶಾಲು ಏನು ಮಾಡೂದು ಅಂತ, 'ಈ ಸಭಾದಾಗ ಯಾರಿಗರ ಆರು ಒಂಬತ್ತು ಬರೀಲಿಕ್ಕೆ ಬರ್ತದೇನ್ರಿ?' ಅಂತ ಕೇಳಿದರು. ಯಾರೂ ಏಳಲಿಲ್ಲ. ನಾ ಹೋಗಿ ಬರದೆ. ನಮ್ಮವ್ವ ಸಣ್ಣಾಕಿ ಇದ್ದಾಗ ಕಲಸಿದ್ದಳು. ಶಾಲು ನನಗ ಹೊಚ್ಚಿದರು. ಬಿರುದೂ ಕೊಟ್ಟರು."

ಅಮರನಾಥ ಒಂದು ತುಣುಕು ಕೊಬ್ಬರಿ ಕಡಿದ. ಎದುರಿಗೆ ಹೊಳೆ ಇನ್ನೂ ಏರುತ್ತಿತ್ತು, ಯಾರ ಅಂಕಿಗೂ ಕಾಯದೆ. ಅದರ ಮುಂದೆ ತನ್ನ ಶಾಲು ಎಷ್ಟು ಸಣ್ಣದು ಎನಿಸಿತು. ಆದರೂ ಕೇಳದೆ ಇರಲಾಗಲಿಲ್ಲ.

"ಬೆಚ್ಚಗದೇನು ಶಾಲು?" ಎಂದ.

"ಭಾಳ ಬೆಚ್ಚಗದ. ಅದಿರ್ಲಿ, ಮನಿಗೆ ಯಾವಾಗ ಬರ್ತೀರಿ?"

"ನೀರು ಇಳಿಯೋತನಕ ಬಿಡಂಗಿಲ್ಲಂತ. ಏನಿಲ್ಲಂದ್ರೂ ಆರು ದಿನ ಆಗ್ತದ."

ಶೀಲಾ ಕೇಳಿದಳು:

"ನಮ್ಮ ಆರೋ, ನಿಮ್ಮ ಆರೋ?"